ಮೀಸಲು ಹಾಲಿನಲ್ಲಿ ಒಂದು ಕೂದಲು

ಬಸ್ಸು ಮಾರಿಕಣಿವೆಯ ತಿರುವು ದಾಟಿ ವೇಗ ಹಿಡಿದು, ಕಿಟಕಿಯಿಂದ ನುಗ್ಗಿದ ಗಾಳಿಗೆ ತಲೆಯ ಮೇಲಿನ ಸೆರಗು ಜಾರಿದಾಗ ರಂಜಿತಾಳಿಗೆ ಮೊದಲು ಹೊಳೆದದ್ದು ಹಿಂದಿನ ಸೀಟಿನಲ್ಲಿ ಯಾರು ಕೂತಿದ್ದಾರೆ ಎಂಬ ಪ್ರಶ್ನೆ. ತಿರುಗಿ ನೋಡಿದರೆ ಅವರು ಮುಖ ನೋಡುತ್ತಾರೆ. ನೋಡದಿದ್ದರೆ ಯಾರ ಹಂಗೂ ಇಲ್ಲದೆ ನೆತ್ತಿಯನ್ನೇ ನೋಡುತ್ತ ಕೂರುತ್ತಾರೆ. ಯಾವುದು ವಾಸಿ ಎಂದು ತೀರ್ಮಾನಿಸಲಾಗದೆ ಅವಳು ಕತ್ತು ಬಿಗಿಹಿಡಿದು ಕೂತಳು. ಬೈತಲೆ ಎಂಬುದು ಈಗ ಬೈತಲೆಯಾಗಿ ಉಳಿದಿರಲಿಲ್ಲ. ಮೇಕೆಗಳು ತಿರುಗಾಡಿ ಬಿದ್ದ ಕಾಲುದಾರಿಯ ಹಾಗೆ ನಡುನೆತ್ತಿಯಲ್ಲಿ ಬೆಳ್ಳಗೆ ಅಗಲವಾಗಿತ್ತು. ಮದುವೆಯ ದಿನ ಮೊಳ ಹೂವು ಎಲ್ಲಿಗೂ ಸಾಲದೆ ಮಾರುಗಟ್ಟಲೆ ಮುಡಿಸಿದ್ದ ಜಡೆ ಇದೇ ತಲೆಯದು ಎಂದರೆ ಈಗ ಫೋಟೊ ತೋರಿಸಿ ನಂಬಿಸಬೇಕು. ಪಕ್ಕದಲ್ಲಿ ಕೂತಿದ್ದ ಅತ್ತೆ ಮುದ್ದಕ್ಕ ಕುಟ್ಟಿದ ಎಲೆಅಡಿಕೆ ಜಗಿಯುತ್ತಲೇ ಕೈ ಚಾಚಿ, ಸೊಸೆಯ ಸೆರಗನ್ನು ಹಣೆಯವರೆಗೆ ಎಳೆದು ಕಿವಿಯ ಹಿಂದೆ ಸಿಕ್ಕಿಸಿದಳು. ಆ ಬೆರಳುಗಳಿಗೆ ಗರುಗದ ಸೊಪ್ಪಿನ ಎಣ್ಣೆಯ ವಾಸನೆ ಇತ್ತು. ಕಾಲುವೆಯ ಬದುವಿನಲ್ಲಿ ಸೊಪ್ಪು ಹುಡುಕಿ, ಅರೆದು, ಸಣ್ಣ ಉರಿಯಲ್ಲಿ ಕಾಯಿಸಿ ಆ ಎಣ್ಣೆಯನ್ನು ಮುದುಕಿಯೇ ಮಾಡಿದ್ದು, ಸೊಸೆಯ ತಲೆಗೆಂದೇ ಮಾಡಿದ್ದು. ರಂಜಿತಾ ಮುದುಡಿಕೊಂಡಳು. ಇವತ್ತು ತನ್ನನ್ನು ಯಾರೂ ಮುಟ್ಟಬಾರದಾಗಿತ್ತು. ಅದು ಈ ಬಸ್ಸಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಮುಟ್ಟಾದರೆ ಐದು ದಿನ ಹೊರಗೆ, ಆಮೇಲೆ ತಲೆಗೆ ನೀರು ಹಾಕಿಕೊಂಡು ಒಳಗೆ. ಮಾಡದಕೆರೆ ಕಡೆಯ ಹಟ್ಟಿಯಲ್ಲಿ ಮುದ್ದಕ್ಕ ಹಾಗೆಯೇ ಬದುಕಿದವಳು, ಹಟ್ಟಿಯ ಬೇಲಿಯಾಚೆಯ ಗುಡ್ಲಿನಲ್ಲಿ ಮಳೆ ಬಿಸಿಲು ಎರಡನ್ನೂ ಕಂಡವಳು. ಗಂಡ ಜುಂಜಣ್ಣ ತೀರಿಕೊಂಡ ಮೇಲೆ ಮಗನ ಜೊತೆ ಇರಲು ಬಂದಾಗ ಅವಳು ತಂದದ್ದು ಒಂದು ಟ್ರಂಕು, ಒಂದು ಕಂಬಳಿ, ಮತ್ತು ಮನೆದೇವರು ಜುಂಜಪ್ಪನ ಹಿತ್ತಾಳೆಯ ಗಿಂಡಿ. ಗಿಂಡಿ ಬಂತು ಅಂದಮೇಲೆ ಅದರ ಹಿಂದೆಯೇ ಕಟ್ಟಳೆಯೂ ಬಂತು. ನೀರಾವರಿ ಇಲಾಖೆಯ ಕ್ವಾರ್ಟರ್ಸಿನಲ್ಲಿ ಬೇಲಿ ಎಲ್ಲಿ, ಗುಡ್ಲು ಎಲ್ಲಿ? ಸಾಲಿನ ಕೊನೆಯಲ್ಲಿ ಯಾರೋ ವರ್ಗವಾಗಿ ಹೋಗಿ ಖಾಲಿ ಬಿದ್ದ ಮನೆಯೊಂದಿತ್ತು. ಅದರ ಜಗುಲಿಯೇ ಹಟ್ಟಿಯ ಹೊರಗು ಎಂದು ಮುದ್ದಕ್ಕ ತೀರ್ಪು ಕೊಟ್ಟಳು. ರಂಜಿತಾಳ ಗಂಡ ಜುಂಜೇಶ್ ತಲೆ ಕೆರೆದುಕೊಂಡು, ಕಾಲ ಬದಲಾಗಿದೆ ಎಂದು ಏನೋ ಗೊಣಗಿ, ಕೊನೆಗೆ ತಾನೇ ಆ ಜಗುಲಿಗೆ ಒಂದು ಬಲ್ಬು ಎಳೆದುಕೊಟ್ಟ. ಹಟ್ಟಿಯಲ್ಲಾದರೆ ಹೊರಗಾದವಳಿಗೆ ಇನ್ನೊಬ್ಬ ಹೊರಗಾದವಳು ಜೊತೆಗಿರುತ್ತಿದ್ದಳು, ಹೇನು ನೋಡಿಕೊಂಡು ಮಾತಾಡಿಕೊಂಡು ದಿನ ಹೋಗುತ್ತಿತ್ತು. ಇಲ್ಲಿ ಅವಳೊಬ್ಬಳೇ ಚಾಪೆ, ತಟ್ಟೆ, ಲೋಟ, ಬಾಚಣಿಗೆ ಇಟ್ಟುಕೊಂಡು ಇಡೀ ಸಾಲಿನ ಕಣ್ಣೆದುರು ಕೂರಬೇಕು. ಎದುರುಮನೆಯ ಪುಟ್ಟಕ್ಕ ನಲ್ಲಿಗೆ ಬಂದಾಗಲೆಲ್ಲ ಬಿಂದಿಗೆ ತುಂಬುವವರೆಗೆ ಅವಳನ್ನೇ ನೋಡಿ, ‘ಏನ್ ರಂಜಿತಾ, ರಜಾ ಬಂತಾ’ ಎಂದು ನಗುತ್ತಿದ್ದಳು. ಪುಟ್ಟಕ್ಕನ ಗಂಡನಿಗೂ, ಬೀದಿಯಲ್ಲಿ ಕ್ರಿಕೆಟ್ ಆಡುವ ಹುಡುಗರಿಗೂ, ಹಾಲು ಹಾಕುವವನಿಗೂ ಅವಳ ಮೈಯ ಸುದ್ದಿ ತಿಂಗಳು ತಿಂಗಳು ತಲುಪುತ್ತಿತ್ತು. ಹೊಸದುರ್ಗದ ಹಾಸ್ಟೆಲಿನಲ್ಲಿ ಓದುತ್ತಿರುವ ಮಗಳು ಲತಾ ರಜೆಗೆ ಬಂದಾಗಲೂ ಒಮ್ಮೆ ಹಾಗಾಗಿ, ಹುಡುಗಿ ದೂರ ನಿಂತು ಅಮ್ಮನನ್ನು ನೋಡಿದ ನೋಟವಿತ್ತಲ್ಲ, ಅದನ್ನು ರಂಜಿತಾ ಇನ್ನೂ ನುಂಗಿಕೊಂಡಿರಲಿಲ್ಲ.

ಡ್ಯಾಮು ಕೋಡಿ ಬಿದ್ದ ವರ್ಷ ಎಲ್ಲ ಶುರುವಾಯಿತು. ತಲೆಮಾರುಗಳಿಂದ ಯಾರೂ ಕಾಣದಿದ್ದ ಕೋಡಿ ನೋಡಲು ಚಿತ್ರದುರ್ಗ ಹೊಳಲ್ಕೆರೆ ಕಡೆಯಿಂದೆಲ್ಲ ಜನ ಬಂದು, ಆ ನೂಕುನುಗ್ಗಲಿನಲ್ಲಿ ಇವಳೂ ನಿಂತಿದ್ದಾಗ ಕಾಲಗುಂಟ ಬಿಸಿಯಾಗಿ ಇಳಿದದ್ದು ಅವಳಿಗೆ ಚೆನ್ನಾಗಿ ನೆನಪಿದೆ. ಆ ಸಲ ಐದು ದಿನ ಕಳೆದು, ತಲೆಗೆ ನೀರು ಹಾಕಿಕೊಂಡು, ಒಳಗೆ ಬಂದು ಒಲೆ ಹಚ್ಚಿದ ಮೇಲೆ, ಸಂಜೆಯ ಹೊತ್ತಿಗೆ ಮತ್ತೆ ಕಾಣಿಸಿತು. ಏನೋ ಉಳಿದದ್ದಿರಬೇಕು ಎಂದುಕೊಂಡಳು. ಮರುದಿನವೂ ಇತ್ತು. ಅತ್ತೆಗೆ ಹೇಳಿದರೆ ಮತ್ತೆ ಚಾಪೆ ಸುತ್ತಿಕೊಂಡು ಜಗುಲಿಗೆ ಹೋಗಬೇಕು, ಮತ್ತೆ ಪುಟ್ಟಕ್ಕನ ಬಿಂದಿಗೆ ತುಂಬುವವರೆಗೆ ಆ ನಗು ಕೇಳಬೇಕು. ಹೇಳಲಿಲ್ಲ. ಒಮ್ಮೆ ಹೇಳದ ಮೇಲೆ ಮುಂದಿನ ತಿಂಗಳು ಹೇಳುವುದು ಇನ್ನೂ ಕಷ್ಟವಾಯಿತು. ಐದು ಎಂಬುದು ದೇವರ ಲೆಕ್ಕ, ಉಳಿದದ್ದು ನನ್ನ ಲೆಕ್ಕ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಬರಬರುತ್ತ ತಿಂಗಳಿಗೊಂದು ವಾರ ಮೈಲಿಗೆಯಲ್ಲೇ ಒಳಮನೆಯಲ್ಲಿ ಓಡಾಡಿದಳು, ಮುದ್ದೆ ತೊಳಸಿದಳು, ಜುಂಜಪ್ಪನ ಮುಂದೆ ದೀಪ ಹಚ್ಚಿದಳು. ಬಟ್ಟೆಯನ್ನು ಮನೆಯವರು ಏಳುವ ಮುಂಚೆ ಒಗೆದು, ಸೀರೆಯ ಮಡಿಕೆಯೊಳಗೆ ಒಣಗಿಸಿದಳು. ಆಗ ಹೆದರಿಕೆಯೇನೂ ಆಗಲಿಲ್ಲ. ಆಗದೇ ಹೋದದ್ದೇ ಅವಳನ್ನು ಆಮೇಲೆ ಹೆದರಿಸಿತು.

ಗಂಡನಿಗೆ ಗೊತ್ತಾಗಬಹುದಿತ್ತು. ಜುಂಜೇಶನಿಗೆ ದಿನಾ ಬೆಳಿಗ್ಗೆ ಡ್ಯಾಮಿನ ನೀರಿನ ಮಟ್ಟ ನೋಡಿ ಮೇಲಿನವರಿಗೆ ಫೋನು ಮಾಡುವ ಕೆಲಸ. ನೀರು ಒಂದು ಅಂಗುಲ ಇಳಿದರೂ ಅವನ ಕಣ್ಣು ತಪ್ಪುತ್ತಿರಲಿಲ್ಲ. ಹೆಂಡತಿಯ ಮುಖದಲ್ಲಿ ರಕ್ತ ಇಳಿಯುತ್ತ ಬಂದದ್ದನ್ನೂ ಅವನು ಕಂಡ. ಕಂಡು, ಈಚೆಗೆ ಒಳ್ಳೆ ಬಣ್ಣ ಬಂದಿದ್ದೀಯ ಎಂದು ಮೆಚ್ಚಿಕೊಂಡ. ಅವತ್ತು ಅವಳಿಗೆ ನಿಜವಾಗಿಯೂ ಖುಷಿಯಾಗಿತ್ತು. ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ಜಾಸ್ತಿ ನಿಂತಿದ್ದಳು. ಆಗಲೇ ಮೊದಲ ಸಲ ಬಾಚಣಿಗೆ ತುಂಬ ಬಂದ ಕೂದಲನ್ನು ನೋಡಿದ್ದು. ನೀರು ಬದಲಾಗಿದೆ ಎಂದಳು, ಶಾಂಪೂ ಬದಲಾಯಿಸಿದಳು, ಮೆಂತ್ಯ ಅರೆದು ಹಚ್ಚಿದಳು. ಕೂದಲು ಕೊಟ್ಟರೆ ಪಾತ್ರೆ ಕೊಡುವವನು ಬೀದಿಯಲ್ಲಿ ಕೂಗುತ್ತ ಬಂದಾಗ ಪುಟ್ಟಕ್ಕ ವರ್ಷಗಟ್ಟಲೆ ಕೂಡಿಟ್ಟ ಸಣ್ಣ ಉಂಡೆಗೆ ಒಂದು ಜರಡಿ ಸಿಕ್ಕಿತು. ರಂಜಿತಾಳ ಕವರಿಗೆ ಸ್ಟೀಲಿನ ಬಕೆಟ್ಟೇ ಸಿಕ್ಕಿತು. ನಿಂದೇ ಒಳ್ಳೆ ವ್ಯಾಪಾರ ಕಣಮ್ಮ ಎಂದು ಪುಟ್ಟಕ್ಕ ಅಂದದ್ದಕ್ಕೆ ಎಲ್ಲರ ಜೊತೆ ತಾನೂ ನಕ್ಕು, ಬಕೆಟ್ಟನ್ನು ಬಚ್ಚಲಲ್ಲಿ ಬೋರಲು ಹಾಕಿದಳು, ಇವತ್ತಿಗೂ ಅದರಲ್ಲಿ ನೀರು ತುಂಬಿಲ್ಲ. ಆಮೇಲೆ ಮೆಟ್ಟಿಲು ಹತ್ತಿದರೆ ಎದೆ ಕಿವಿಯಲ್ಲಿ ಬಡಿಯತೊಡಗಿತು. ಮಗಳು ಬಿಟ್ಟುಹೋದ ಬಳಪದ ಡಬ್ಬಿ ಕಣ್ಣಿಗೆ ಬಿದ್ದು, ಒಂದು ತುಂಡು ಬಾಯಿಗೆ ಹಾಕಿಕೊಂಡರೆ ಎಂಥ ರುಚಿ! ದೊಡ್ಡ ಹೆಂಗಸು ಮಣ್ಣು ತಿನ್ನುವ ಕೂಸಿನ ಹಾಗೆ ಬಾಗಿಲ ಹಿಂದೆ ನಿಂತು ಬಳಪ ಕಡಿಯುವುದೆಂದರೆ ಏನರ್ಥ? ಅವಳಿಗೆ ಒಂದೇ ಅರ್ಥ ತೋಚಿತು. ಯಾರೋ ನೋಡುತ್ತಿದ್ದಾರೆ, ಅತ್ತೆಯ ಕಣ್ಣು ತಪ್ಪಿಸಿದ್ದನ್ನು ಇನ್ನೊಂದು ಕಣ್ಣು ನೋಡಿದೆ, ಅದು ಸಿಟ್ಟಿನಲ್ಲಿ ಚೀರಾಡದೆ, ಎಳೆ ಎಳೆಯಾಗಿ, ತಾಳ್ಮೆಯಿಂದ ತನ್ನ ತಲೆಯನ್ನು ಬೋಳಿಸುತ್ತಿದೆ.

ಹೋದ ವಾರ ಅದಕ್ಕೆ ಸಾಕ್ಷಿಯೂ ಸಿಕ್ಕಿತು. ದೇವರ ವಾರದ ದಿನ ಕರೆದ ಹಾಲಿನಲ್ಲಿ ಮೊದಲ ಲೋಟ ಜುಂಜಪ್ಪನಿಗೆ ಮೀಸಲು. ಕುರಿ ದನ ಮೇಯಿಸಿ ಬದುಕಿದ ವಂಶ, ಈಗ ಹಾಲನ್ನು ಕೊಂಡು ತಂದರೂ ಮೀಸಲು ತೆಗೆಯುವುದನ್ನು ಮುದ್ದಕ್ಕ ಬಿಟ್ಟಿಲ್ಲ. ಗಿಂಡಿಗೆ ಹಾಲು ಸುರಿದು ಕೈಮುಗಿದು ಕಣ್ಣು ತೆರೆದಾಗ ಹಾಲಿನ ಮೇಲೆ ಒಂದು ಕೂದಲಿತ್ತು. ಉದ್ದದ, ಕರೀ ಕೂದಲು. ಮುದ್ದಕ್ಕನ ಕೂದಲು ಬೆಳ್ಳಗೆ. ಮನೆಯಲ್ಲಿ ಮತ್ತೊಬ್ಬಳು ಇದ್ದದ್ದು ರಂಜಿತಾ ಮಾತ್ರ. ಬೈದಿದ್ದರೆ ತಲೆತಗ್ಗಿಸಿ ಬೈಸಿಕೊಳ್ಳಬಹುದಿತ್ತು. ಮುದುಕಿ ಬೈಯಲಿಲ್ಲ. ಕೂದಲನ್ನು ಎರಡು ಬೆರಳಲ್ಲಿ ಎತ್ತಿ, ತೋರುಬೆರಳಿಗೆ ಉಂಗುರದ ಹಾಗೆ ಸುತ್ತಿಕೊಂಡು, ತುಂಬ ಹೊತ್ತು ಅದನ್ನೇ ನೋಡಿದಳು. ಸೊಸೆಯ ಮುಖವನ್ನೂ ನೋಡಿದಳು. ಹಿರಿಯೂರಿಗೆ ಹೋಗಾಣ, ಡಾಕ್ಟ್ರಿಗೆ ತೋರಿಸಾಣ ಎಂದಷ್ಟೇ ಅಂದಳು. ಅದಾದ ಮೇಲೆ ರಂಜಿತಾ ಹೊರಗಾದಳು. ಐದು ದಿನ ಜಗುಲಿಯಲ್ಲಿ ಕಳೆದು ನೀರು ಹಾಕಿಕೊಂಡು ಒಳಬಂದಳು. ಒಳಬಂದ ಮೇಲೂ ಅದು ನಿಂತಿಲ್ಲ. ಈಗ ಈ ಸೀಟಿನಲ್ಲಿ ಕೂತಿರುವಾಗಲೂ ನಿಂತಿಲ್ಲ, ಅತ್ತೆಯ ಮೊಣಕೈ ಪ್ರತಿ ಹಳ್ಳಕ್ಕೂ ಬಂದು ತಗಲುತ್ತಿದೆ.

ಹಿರಿಯೂರಿನಲ್ಲಿ ಡಾಕ್ಟರ್ ಅನುಪಮಾ ಅವರ ಕ್ಲಿನಿಕ್ಕು ಒಂದು ಬಟ್ಟೆ ಅಂಗಡಿಯ ಮಾಳಿಗೆಯಲ್ಲಿತ್ತು. ಮೆಟ್ಟಿಲು ಹತ್ತುವಾಗ ರಂಜಿತಾ ನಡುವೆ ಎರಡು ಕಡೆ ನಿಂತಳು. ಮುದ್ದಕ್ಕ ಮೇಲಿನಿಂದ ಕೈಕೊಟ್ಟು ಎಳೆದುಕೊಂಡಳು. ಡಾಕ್ಟರು ಸೆರಗು ಸರಿಸಿ ನೆತ್ತಿ ನೋಡಿದರು. ಹೊರಗಿನವರೊಬ್ಬರು ಅಷ್ಟು ಹತ್ತಿರದಿಂದ ಅಲ್ಲಿ ನೋಡಿದ್ದು ಅದೇ ಮೊದಲು. ಅವಳಿಗೆ ಸೀರೆ ಬಿಚ್ಚಿ ನಿಂತಷ್ಟು ನಾಚಿಕೆಯಾಯಿತು. ಆದರೆ ಅವರು ನೆತ್ತಿಯನ್ನು ಬೇಗ ಬಿಟ್ಟು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಉಗುರು ಒತ್ತಿ ನೋಡಿದರು, ನಾಲಿಗೆ ನೋಡಿದರು. ಪಕ್ಕದ ಲ್ಯಾಬಿಗೆ ಕಳಿಸಿ ರಕ್ತ ಪರೀಕ್ಷೆ ಮಾಡಿಸಿದರು. ಚೀಟಿ ಬಂದ ಮೇಲೆ ಅದನ್ನೂ ಇವಳನ್ನೂ ಒಟ್ಟಿಗೆ ನೋಡಿ, ಇಷ್ಟೇ ರಕ್ತ ಇಟ್ಟುಕೊಂಡು ಹೇಗಮ್ಮ ಓಡಾಡುತ್ತಿದ್ದೀಯ ಎಂದರು. ಕೂದಲು ಉದುರುವುದು ರೋಗವಲ್ಲ, ರೋಗದ ಸುದ್ದಿ. ಮೈಯಲ್ಲಿ ಕಬ್ಬಿಣದ ಅಂಶ ತಳ ಕಂಡಿದೆ. ರಕ್ತ ಸಾಲದಾದಾಗ ಮೈ ಎದೆಯನ್ನೂ ತಲೆಯೊಳಗಿನ ಮೆದುಳನ್ನೂ ಉಳಿಸಿಕೊಂಡು, ಇಲ್ಲದಿದ್ದರೂ ನಡೆಯುವ ಕೂದಲನ್ನು ಮೊದಲು ಕೈಬಿಡುತ್ತದೆ ಎಂದು ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ಮಣ್ಣು, ಬಳಪ, ಹಸಿ ಅಕ್ಕಿ ತಿನ್ನಬೇಕು ಅನ್ನಿಸುತ್ತದೆಯೇ ಎಂದು ಕೇಳಿದಾಗ ರಂಜಿತಾ ಬೆಚ್ಚಿದಳು. ಬಾಗಿಲ ಹಿಂದಿನ ತನ್ನ ಕಳ್ಳತನ ಈ ಹೆಂಗಸಿನ ಪುಸ್ತಕದಲ್ಲಿ ಮೊದಲೇ ಬರೆದಿದೆ! ಹಾಗಾದರೆ ಇದು ಯಾರ ಸಿಟ್ಟೂ ಅಲ್ಲವೇ? ಒಂದು ಗಳಿಗೆ ಮೈ ಹಗುರಾಯಿತು. ಆ ಗಳಿಗೆಯಲ್ಲೇ ಡಾಕ್ಟರು ಪೆನ್ನು ಎತ್ತಿಕೊಂಡು ಕೇಳಿದರು.

‘ಮುಟ್ಟು ಎಷ್ಟು ದಿನ ಹೋಗುತ್ತಮ್ಮ? ಜಾಸ್ತಿ ಹೋಗುತ್ತಾ?’

ರಂಜಿತಾ ಬಾಯಿ ತೆರೆಯುವ ಮುಂಚೆ ಮುದ್ದಕ್ಕ ಹೇಳಿಬಿಟ್ಟಿದ್ದಳು.

‘ಐದು ದಿನ ಕಣ್ರಿ. ನಮ್ಮಲ್ಲಿ ಎಲ್ಲರ್ಗೂ ಐದೇ. ಐದಾದ ಮ್ಯಾಲೆ ನೀರಾಕ್ಕಂಡು ಒಳಗೆ ಬರ್ತಾಳೆ.’

ಮುದುಕಿಯ ದನಿಯಲ್ಲಿ ಹೆಮ್ಮೆಯಿತ್ತು, ಮನೆ ನಡೆಸುವವಳ ಹೆಮ್ಮೆ. ಹೌದೇನಮ್ಮ ಎಂಬ ಹಾಗೆ ಡಾಕ್ಟರು ಇವಳ ಕಡೆ ನೋಡಿದರು. ಹೌದು ಎಂದು ತಲೆಯಾಡಿಸಿದ್ದು ತಾನೋ ತನ್ನ ಕತ್ತೋ ರಂಜಿತಾಳಿಗೆ ತಿಳಿಯಲಿಲ್ಲ. ಅವಳ ತಲೆ ಆಡಿದ್ದು ಮಾತ್ರ ನಿಜ. ಐದು ಎಂದು ಬರೆದುಕೊಂಡ ಡಾಕ್ಟರು, ರಕ್ತ ಹೋಗುತ್ತಿಲ್ಲ ಎಂದಾದ ಮೇಲೆ ರಕ್ತ ಯಾಕೆ ಕೂಡುತ್ತಿಲ್ಲ ಎಂದು ಹುಡುಕಿದರು. ಏನು ತಿನ್ನುತ್ತಾಳೆ, ಯಾವಾಗ ತಿನ್ನುತ್ತಾಳೆ, ಸೊಪ್ಪು ಉಂಟೇ, ಮಾಂಸ ಉಂಟೇ, ಉಂಡ ಕೂಡಲೇ ಟೀ ಕುಡಿಯುತ್ತಾಳೆಯೇ, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುತ್ತಾಳೆಯೇ ಎಂದು ಒಂದೊಂದಾಗಿ ಕೇಳುತ್ತ ಹೋದಂತೆ ಅವರ ಮುಖ ಮುದ್ದಕ್ಕನ ಕಡೆಗೆ ತಿರುಗಿ ಗಟ್ಟಿಯಾಗುತ್ತ ಹೋಯಿತು. ಸೊಸೆಯೂ ಒಬ್ಬರ ಮಗಳೇ ಅಲ್ಲವೇನಮ್ಮ, ದುಡಿಸಿಕೊಳ್ಳುವಾಗ ಕಾಣುವವಳು ಬಡಿಸುವಾಗ ಕಾಣುವುದಿಲ್ಲವೇ, ಹೊಟ್ಟೆ ತುಂಬ ಊಟ ಹಾಕಿ ಎಂದರು. ಬಾಗಿಲಲ್ಲಿ ನಿಂತಿದ್ದ ನರ್ಸು ಮುದ್ದಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ರಂಜಿತಾಳ ಕಣ್ಣ ಮುಂದೆ ತಟ್ಟೆಗಳು ಬಂದವು. ಮಾಂಸದಡುಗೆಯ ದಿನ ತನ್ನ ತಟ್ಟೆಯ ಒಳ್ಳೆ ಚೂರನ್ನು, ನಂಗೆ ಹಲ್ಲಿಲ್ಲ ಕಣೆ ಎಂದು, ಸೊಸೆಯ ತಟ್ಟೆಗೆ ಎತ್ತಿಹಾಕುವ ಕೈ. ಜಗುಲಿಯಲ್ಲಿದ್ದಾಗಲೂ ದೂರದಿಂದಲೇ ಮುದ್ದೆಯ ಮೇಲೆ ಮುದ್ದೆ ಇಳಿಸಿ, ಸಾಲ್ದಾ ಎಂದು ಕೂಗುವ ಬಾಯಿ. ಈಗಲಾದರೂ ಹೇಳಬೇಕು. ನಾಲಿಗೆ ಬಳಪ ಕಚ್ಚಿಕೊಂಡ ಹಾಗೆ ಒಣಗಿತ್ತು. ಮುದ್ದಕ್ಕ ಎದುರಾಡುತ್ತಾಳೆ, ಆಗ ಸರಿಹೋಗುತ್ತದೆ ಎಂದು ಕಾದಳು.

ಮುದ್ದಕ್ಕ ಎದುರಾಡಲಿಲ್ಲ. ಸೆರಗಿನ ತುದಿಯಿಂದ ತುಟಿಯ ಎಲೆಯಡಿಕೆ ಕೆಂಪು ಒರೆಸಿಕೊಂಡು ಕೈಮುಗಿದಳು.

‘ಆತು ಡಾಕ್ಟ್ರಮ್ಮ. ಇನ್ಮ್ಯಾಲೆ ಹಾಕ್ತೀನಿ.’

ಹಿರಿಯೂರಿನ ಬಿಸಿಲಿನಲ್ಲಿ ಮುದ್ದಕ್ಕ ಮುಂದೆ, ರಂಜಿತಾ ಹಿಂದೆ. ಅಂಗಡಿಯಲ್ಲಿ ಮಾತ್ರೆ ಕೊಂಡಾಯಿತು. ತಳ್ಳುಗಾಡಿಯವನ ಹತ್ತಿರ ಬೀಟ್ರೂಟು, ನುಗ್ಗೆಸೊಪ್ಪು, ಖರ್ಜೂರ, ಮಾತ್ರೆಯ ಜೊತೆ ಕುಡಿಯಲು ನಿಂಬೆಹಣ್ಣು. ಮುದುಕಿ ಒಂದೊಂದನ್ನೂ ತಾನೇ ಆರಿಸಿ, ಚೀಲ ತಾನೇ ಹೊತ್ತಳು. ಇವಳು ಕೈಚಾಚಿದರೆ ಕೊಡಲಿಲ್ಲ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಇವಳನ್ನು ಕೂರಿಸಿ, ಸುಸ್ತಾಗಿದೀಯ ಎಂದು ಟೀ ತಂದಳು. ಕೈಗೆ ಕೊಡುವ ಹೊತ್ತಿಗೆ ನೆನಪಾಯಿತೇನೋ, ಟೀ ಕುಡಿದ್ರೆ ರಕ್ತ ಹಿಡಿಯಲ್ವಂತಲ್ಲ ಎಂದು ತನ್ನಷ್ಟಕ್ಕೆ ಅಂದುಕೊಂಡು ಎರಡೂ ಲೋಟವನ್ನು ಕಂಬದ ಬುಡಕ್ಕೆ ಚೆಲ್ಲಿದಳು. ಟೀ ಎಂದರೆ ಜೀವ ಬಿಡುವ ಮುದುಕಿ. ತನ್ನ ಲೋಟವನ್ನೂ ಯಾಕೆ ಚೆಲ್ಲಿದಳು? ಆ ಪ್ರಶ್ನೆಯ ಎದುರು ರಂಜಿತಾಳಿಂದ ಇನ್ನು ಕೂರಲಾಗಲಿಲ್ಲ. ಜಗುಲಿ, ಪುಟ್ಟಕ್ಕನ ಬಿಂದಿಗೆ, ಮಗಳ ನೋಟ ಎಲ್ಲ ಒಂದರ ಮೇಲೊಂದು ಬಂದು ನಿಂತವು. ಇದೊಂದು ಮಾತು ಹೊರಗೆ ಬಂದರೆ ಅರ್ಧ ತಿಂಗಳು ಜಗುಲಿಯೇ ಮನೆಯಾಗುತ್ತದೆ, ಬಾರದಿದ್ದರೆ ಮಾತ್ರೆ ನುಂಗುತ್ತ ನುಂಗುತ್ತ ಒಂದು ದಿನ ಮೆಟ್ಟಿಲ ಮೇಲೆ ತಾನೇ ಹೋಗುತ್ತೇನೆ, ಆಗ ಊರು ಮುದ್ದಕ್ಕನನ್ನು ಸೊಸೆಗೆ ಊಟ ಹಾಕದವಳು ಎನ್ನುತ್ತದೆ.

‘ಅತ್ತೆ, ಐದು ದಿನ ಅಲ್ಲ.’

‘ಯಾವ ಐದು ದಿನ?’

‘ನಂದು ಐದಕ್ಕೆ ನಿಲ್ಲಲ್ಲ. ಹತ್ತಾಗುತ್ತೆ, ಹನ್ನೆರಡಾಗುತ್ತೆ. ಕೋಡಿ ಬಿದ್ದ ವರ್ಷದಿಂದ ಹಿಂಗೇ ಐತೆ. ಇವತ್ತೂ ಐತೆ.’

ಮುದ್ದಕ್ಕನ ಕೈ ಇವಳ ಮೊಣಕಾಲ ಮೇಲಿತ್ತು. ಅದು ಅಲ್ಲಿಂದ ಎದ್ದಿತು. ಬೆಂಕಿ ತಗಲಿದ ಹಾಗೆ ಕಿತ್ತುಕೊಳ್ಳಲಿಲ್ಲ. ಮಲಗಿದ ಮಗುವಿನ ಮೇಲಿಂದ ಕೈ ತೆಗೆಯುವಷ್ಟು ನಿಧಾನವಾಗಿ ಎದ್ದು, ಎಲ್ಲಿ ಇಡಬೇಕೆಂದು ತಿಳಿಯದೆ ಗಾಳಿಯಲ್ಲೇ ನಿಂತಿತು. ಚಳ್ಳಕೆರೆಯ ಬಸ್ಸೊಂದು ಬಂದು, ಜನ ಇಳಿದು, ಜನ ಹತ್ತಿ, ಹೊರಟುಹೋಯಿತು. ಮುದುಕಿಯ ತುಟಿ ಅಲ್ಲಾಡುತ್ತಿತ್ತು. ಲೆಕ್ಕ ಹಾಕುತ್ತಿದ್ದಾಳೆ ಎಂದು ರಂಜಿತಾಳಿಗೆ ಗೊತ್ತಾಯಿತು: ಎಷ್ಟು ದೇವರ ವಾರ, ಎಷ್ಟು ಮೀಸಲು ಹಾಲು, ಎಷ್ಟು ದೀಪ, ಲತಾಳ ಹೆಸರಿನಲ್ಲಿ ತೀರಿಸಿದ ಹರಕೆ, ಜುಂಜಣ್ಣನ ತಿಥಿಯ ಎಡೆ. ಒಂದೊಂದು ನೆನಪಾದಂತೆ ಮುಖ ಕಪ್ಪಿಡುತ್ತ ಬಂತು. ಹೊಡೆದರೆ ಒಳ್ಳೆಯದಿತ್ತು ಎಂದು ರಂಜಿತಾ ಆಸೆಪಟ್ಟಳು. ಕೊನೆಗೆ ಮುದ್ದಕ್ಕ ಚೀಲ ಎತ್ತಿಕೊಂಡು ನಿಂತಳು.

‘ಎದ್ದೇಳು.’

ಬಸ್ಸಿಗೆ ಎಂದುಕೊಂಡಿದ್ದಳು. ಮುದುಕಿ ನಡೆದದ್ದು ಬಂದ ದಾರಿಯಲ್ಲೇ. ಮೆಟ್ಟಿಲ ಹತ್ತಿರ ಈ ಸಲ ಕೈಕೊಡಲಿಲ್ಲ. ಆದರೆ ಇವಳು ನಿಂತಲ್ಲೆಲ್ಲ ತಾನೂ ಎರಡು ಮೆಟ್ಟಿಲು ಮೇಲೆ ನಿಂತು, ಬೆನ್ನು ಹಾಕಿಕೊಂಡೇ ಕಾದಳು. ಸರದಿ ಲೆಕ್ಕಿಸದೆ ಬಾಗಿಲು ತಳ್ಳಿ, ಒಳಗೆ ಬೇರೆ ಯಾರೋ ಕೂತಿದ್ದರೂ ಹೇಳಿದಳು.

‘ಐದು ಅಂದೋಳು ನಾನು. ಅದು ತಪ್ಪಂತೆ. ಇವಳ್ನೇ ಕೇಳ್ರಿ. ನಾನು ಹೊರಗಿರ್ತೀನಿ.’

ಒಳಗಿದ್ದವರು ಎದ್ದುಹೋಗಿ ಬಾಗಿಲು ಹಾಕಿದ ಮೇಲೆ ರಂಜಿತಾ ಎಲ್ಲವನ್ನೂ ಹೇಳಿದಳು. ಹೇಳುವಾಗ ಅಳು ಬಂತು, ಅಳುವಿನ ನಡುವೆಯೂ ಹೇಳಿದಳು. ಡಾಕ್ಟರು ಮೊದಲು ಬರೆದದ್ದನ್ನು ಗೀಟು ಎಳೆದು ಹೊಡೆದುಹಾಕಿದರು. ಇಷ್ಟು ರಕ್ತ ಹೋಗುತ್ತಲೇ ಇದ್ದರೆ ಮಾತ್ರೆ ತಾನೇ ಏನು ಮಾಡೀತು, ಗರ್ಭಕೋಶದಲ್ಲಿ ಗಡ್ಡೆ ಇರಬಹುದು, ಇಲ್ಲದೆಯೂ ಇರಬಹುದು, ನಾಳೆಯೇ ಸ್ಕ್ಯಾನಿಂಗ್ ಮಾಡಿಸು, ಕಬ್ಬಿಣದ ಅಂಶವನ್ನು ನರಕ್ಕೇ ಹಾಕಬೇಕಾಗಬಹುದು ಎಂದರು. ಕೂದಲು ಬರುತ್ತದೆಯೇ ಎಂದು ಕೇಳಲು ಅವಳಿಗೆ ಈಗ ನಾಚಿಕೆಯಾಯಿತು. ಅವರೇ ಹೇಳಿದರು: ರಕ್ತ ನಿಂತು, ಉಂಡದ್ದು ಮೈಗೆ ಹಿಡಿದರೆ ತಿಂಗಳುಗಳ ಮೇಲೆ ನಿಧಾನವಾಗಿ ಬರಬಹುದು; ಮೊದಲು ನೀನು ಉಳಿ. ಆಮೇಲೆ ಬಾಗಿಲ ಕಡೆ ನೋಡಿ, ನಿನ್ನ ಅತ್ತೆಗೆ ನಾನು ಸುಮ್ಮನೆ ಅಂದುಬಿಟ್ಟೆ ಎಂದರು. ಹೊರಗೆ ಬಂದು ಆ ಮಾತು ಮುಟ್ಟಿಸಬೇಕೆಂದಿದ್ದಳು. ಮುದ್ದಕ್ಕ ಆಗಲೇ ಕೆಳಗಿಳಿದು ಬೀದಿಯಲ್ಲಿದ್ದಳು.

ವಾಪಸು ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಜಾಗವಿದ್ದರೂ ಮುದ್ದಕ್ಕ ಎರಡು ಸೀಟು ಮುಂದೆ ಹೋಗಿ ಕೂತಳು. ಇಷ್ಟೇ ತಾನೇ, ಇದು ಗೊತ್ತಿದ್ದದ್ದೇ ತಾನೇ ಎಂದು ರಂಜಿತಾ ಮನಸ್ಸಿಗೆ ಹೇಳಿಕೊಂಡಳು. ಆದರೂ ಖಾಲಿ ಸೀಟಿನ ಮೇಲೆ ಕಣ್ಣು ಹೋಗುತ್ತಲೇ ಇತ್ತು. ಗಾಳಿಗೆ ಮುದುಕಿಯ ಸೆರಗು ಜಾರಿತು. ಬೆಳ್ಳಿ ಎಳೆಗಳ ನಡುವೆ ಕಂದುನೆತ್ತಿ ಕಾಣಿಸಿತು, ಅಲ್ಲಲ್ಲಿ ಪೂರ್ತಿ ಬರಿದಾದ ನೆತ್ತಿ. ಸದಾ ಸೆರಗು ಹೊದ್ದಿರುವ ತಲೆಯನ್ನು ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ತಾನು ನೋಡಿಯೇ ಇರಲಿಲ್ಲ. ಹಿಂದಿನ ಸೀಟಿನವರು ತನ್ನನ್ನು ನೋಡುವ ಹಾಗೆ ಈಗ ತಾನು ನೋಡುತ್ತಿದ್ದೇನೆ ಎನ್ನಿಸಿ ಅವಳು ಕಿಟಕಿಯ ಕಡೆ ತಿರುಗಿದಳು. ಗುಡ್ಲಿನಲ್ಲಿ ಈ ಹೆಂಗಸಿಗೂ ಎಂದಾದರೂ ಐದು ದಿನಕ್ಕೆ ನಿಲ್ಲದೆ ಹೋಗಿತ್ತೇ? ನಿಲ್ಲದಿದ್ದಾಗ ಏನು ಮಾಡಿದ್ದಳು? ಕೇಳುವ ಹಕ್ಕನ್ನು ಇವತ್ತೇ ಕಳೆದುಕೊ‌ಂಡದ್ದಾಗಿತ್ತು. ಡ್ಯಾಮಿನ ಗೋಡೆ ಕಾಣಿಸಿತು, ಕಂಡಕ್ಟರ್ ಸೀಟಿ ಊದಿದ.

ಕ್ವಾರ್ಟರ್ಸು ತಲುಪಿದಾಗ ದೀಪದ ಹೊತ್ತಾಗಿತ್ತು. ರಂಜಿತಾ ಯಾರು ಹೇಳುವುದನ್ನೂ ಕಾಯದೆ ಸಾಲಿನ ಕೊನೆಯ ಖಾಲಿ ಮನೆಗೆ ನಡೆದು, ಗೋಡೆಗೆ ಒರಗಿಸಿಟ್ಟಿದ್ದ ಚಾಪೆ ಹಾಸಿ ಕೂತಳು. ನಲ್ಲಿಯ ಹತ್ತಿರ ಪುಟ್ಟಕ್ಕನ ಬಿಂದಿಗೆ ಇತ್ತು, ಪುಟ್ಟಕ್ಕನೂ ಇದ್ದಳು. ಮೊನ್ನೆ ತಾನೇ ರಜಾ ಮುಗೀತಲ್ಲೇ, ಮತ್ತೆ ಏನೇ ಎಂದಳು. ರಂಜಿತಾ ಮುಖ ಎತ್ತಿ, ನಿಂತಿಲ್ಲ ಅಕ್ಕ, ನಿಲ್ತಾನೇ ಇಲ್ಲ ಎಂದು ಹೇಳಿದಳು. ಅಷ್ಟು ಸುಲಭವಾಗಿ ಬಾಯಿಂದ ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಪುಟ್ಟಕ್ಕನ ನಗು ಎಲ್ಲೋ ಸಿಕ್ಕಿಹಾಕಿಕೊಂಡು, ಅವಳು ಬಿಂದಿಗೆ ಎತ್ತಿಕೊಂಡು ಹೋದಳು. ಮುದ್ದಕ್ಕ ಮನೆಯ ಬಾಗಿಲ ಮುಂದೆ ಬೀಗದ ಕೈ ಹಿಡಿದು ನಿಂತಿದ್ದಳು. ಬೀಗಕ್ಕೆ ಹಾಕಿದಳು, ತಿರುಗಿಸಲಿಲ್ಲ. ಮತ್ತೆ ತೆಗೆದಳು. ಹೊಸ್ತಿಲನ್ನು ನೋಡುತ್ತ ಹಾಗೇ ನಿಂತು, ಕೊನೆಗೆ ಚೀಲದ ಜೊತೆ ಈ ಕಡೆಗೇ ಬಂದಳು. ಜಗುಲಿಯ ಕೆಳಗೆ ನಿಂತು ತಟ್ಟೆಗೆ ಮೇಲಿನಿಂದ ಏನಾದರೂ ಇಳಿಸಿ ಹೋಗುತ್ತಾಳೆ ಎಂದು ರಂಜಿತಾ ತಟ್ಟೆ ಮುಂದಿಟ್ಟಳು. ಮುದ್ದಕ್ಕ ಜಗುಲಿ ಹತ್ತಿ, ಮೊಣಕಾಲಿಗೆ ಕೈಕೊಟ್ಟು ನರಳುತ್ತ, ಚಾಪೆಯ ಮೇಲೆ ಅವಳ ಪಕ್ಕದಲ್ಲೇ ಕೂತಳು.

‘ಅತ್ತೆ, ಮೈಲಿಗೆ... ದೀಪ ಹಚ್ಚಲ್ವಾ?’

‘ಯಾವ ಕೈಯಾಗೆ ಹಚ್ಲಿ? ಇಷ್ಟು ವರ್ಷ ನಿನ್ನ ಕೈಯಡಿಗೆ ಉಂಡಿದೀನಿ. ನೀನು ಹೊರಗೆ ಅಂದ್ರೆ ನಾನು ಒಳಗಿನೋಳು ಹೆಂಗಾದೇನು?’

ದನಿಯಲ್ಲಿ ಕನಿಕರವಿರಲಿಲ್ಲ, ಸಿಟ್ಟಿತ್ತು, ಸಿಟ್ಟಿನ ಕೆಳಗೆ ಭಯವಿತ್ತು. ಹುಟ್ಟಿದಾಗಿನಿಂದ ಪಾಲಿಸಿಕೊಂಡು ಬಂದ ಕಟ್ಟಳೆ ಅವಳನ್ನೇ ಹಿಡಿದು ತಂದು ಇಲ್ಲಿ ಕೂರಿಸಿತ್ತು, ಅದನ್ನು ಮೀರುವುದು ಅವಳಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಜುಂಜೇಶನ ಬೈಕು ಬಂತು. ಮನೆಗೆ ಬೀಗ, ಜಗುಲಿಯಲ್ಲಿ ಇಬ್ಬರು. ಅವನು ಹೆಲ್ಮೆಟ್ಟು ಕೈಯಲ್ಲಿ ಹಿಡಿದು, ಡಾಕ್ಟರು ಏನಂದರು ಎನ್ನುತ್ತ ಹತ್ತಿರ ಬಂದ. ಹೇಳಾದೈತೆ, ಬಂದು ಕುಂತ್ಕ, ಒಳಗೆ ಹೋಗ್ಬ್ಯಾಡ, ನೀನೂ ಉಂಡೋನೇ ಎಂದಳು ತಾಯಿ. ಅವನಿಗೆ ಅರ್ಧ ಅರ್ಥವಾಯಿತು, ಉಳಿದರ್ಧಕ್ಕೆ ಹೆಂಡತಿಯ ಮುಖ ನೋಡಿದ. ಬಲ್ಬಿನ ಬೆಳಕಿನಲ್ಲಿ ಆ ಮುಖದ ಬಿಳುಪನ್ನು ಮೊದಲ ಸಲ ಕಂಡವನ ಹಾಗೆ ನೋಡಿ, ಜಗುಲಿಯ ಅಂಚಿನಲ್ಲಿ ಕುಸಿದು ಕೂತ.

ಮುದ್ದಕ್ಕ ಚೀಲ ತಡಕಿ ಖರ್ಜೂರ ತೆಗೆದು ಕೊಟ್ಟಳು. ನಿಂಬೆಹಣ್ಣನ್ನು ಹಲ್ಲಿಲ್ಲದ ದವಡೆಯಲ್ಲಿ ಕಚ್ಚಲು ಹೋಗಿ ಆಗದೆ ಮಗನ ಕೈಗೆ ಎಸೆದಳು. ಅವನು ಸೀಳಿ ಲೋಟಕ್ಕೆ ಹಿಂಡಿದ. ಮಾತ್ರೆಯನ್ನು ಮುದುಕಿ ಮೇಲಿನಿಂದ ಬೀಳಿಸಲಿಲ್ಲ, ಸೊಸೆಯ ಅಂಗೈಯಲ್ಲಿ ಒತ್ತಿ ಇಟ್ಟಳು. ಅದು ನುಂಗಿದ್ದಾಯಿತೆಂದು ಗಂಟಲು ನೋಡಿ ಖಾತ್ರಿ ಮಾಡಿಕೊಂಡ ಮೇಲೆ, ಅವಳ ಭುಜ ಹಿಡಿದು ತಿರುಗಿಸಿ, ಸೆರಗು ಸರಿಸಿ, ಕಟ್ಟಿದ್ದ ಚೌರಿಯನ್ನು ಬಿಚ್ಚಿ ಪಕ್ಕಕ್ಕಿಟ್ಟು, ಉಳಿದಿದ್ದ ತೆಳು ಕೂದಲನ್ನು ಬಾಚತೊಡಗಿದಳು. ಬಾಚಣಿಗೆ ಎಳೆದಷ್ಟೂ ಬಂತು. ರಂಜಿತಾ ಬಿಕ್ಕುತ್ತಿದ್ದಳು, ಸುಮ್ಕಿರು ಎಂದು ಮುದುಕಿ ತಲೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಎದುರಿನ ಮನೆಗಳಲ್ಲೆಲ್ಲ ದೀಪ ಬಂದಿತ್ತು, ಅವರ ಮನೆಯ ಕಿಟಕಿ ಮಾತ್ರ ಕಪ್ಪಗಿತ್ತು. ಮುದ್ದಕ್ಕನ ಕೈ ಒಮ್ಮೆ ನಿಂತಿತು. ಅವಳು ಆ ಕತ್ತಲ ಕಿಟಕಿಯ ಕಡೆ ನೋಡಿದಳು, ಕಣ್ಣು ಒರೆಸಿಕೊಳ್ಳಲಿಲ್ಲ.

‘ಇವತ್ತೊಂದಿನ ನೀನೊಬ್ನೇ ಮಡಿಯಾಗಿರಪ್ಪ’ ಎಂದು ಒಳಗಿದ್ದ ಜುಂಜಪ್ಪನಿಗೆ ಹೇಳಿ, ಬಾಚಣಿಗೆಗೆ ಸುತ್ತಿಕೊಂಡಿದ್ದ ಕೂದಲನ್ನು ಬಿಡಿಸಿಕೊಳ್ಳತೊಡಗಿದಳು.